ಕೆಂಪು ಗಾಜಿನ ಡ್ರಾಯಿಂಗ್ ಸರ್

ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಸರ್ ನಿವೃತ್ತರಾಗಿ ಎರಡು ವರ್ಷವಾಯಿತು. ಸ್ಟಾಫ್ ರೂಮಿನ ಕಿಟಕಿಯ ಪಕ್ಕದ ಅವರ ಕುರ್ಚಿಯಲ್ಲಿ ಈಗ ಗಣಿತದ ಸರ್ ಕೂರುತ್ತಾರೆ. ಹುದ್ದೆ ಮಾತ್ರ ಖಾಲಿಯೇ ಇದೆ. ಹಾನಗಲ್ಲಿನ ಆ ಶಾಲೆಯಲ್ಲಿ ನಾನು ಗುಮಾಸ್ತ. ಖಾಲಿ ಹುದ್ದೆಗಳ ಪಟ್ಟಿ ಮೇಲಿನ ಆಫೀಸಿಗೆ ಹೋಗುವಾಗಲೆಲ್ಲ 'ಚಿತ್ರಕಲಾ ಶಿಕ್ಷಕರು, ಒಂದು' ಎಂದು ಬರೆಯುವವನು ನಾನೇ. ಬರೆದಾಗಲೊಮ್ಮೆ ಕಿಟಕಿಯ ಕಡೆ ನೋಡುತ್ತೇನೆ.

ಹೋದ ಭಾನುವಾರ ಸವಣೂರಿಗೆ ಹೋಗಿ ಅವರನ್ನು ನೋಡಿ ಬಂದೆ. ನಿಮ್ಮ ಬಗ್ಗೆ ನಾಲ್ಕು ಸಾಲು ಬರೆಯಲೇ ಎಂದು ಕೇಳಿದೆ. "ಬರೀರಿ. ಹೆಸರ ಹಾಕಬ್ಯಾಡ್ರಿ. ಹೆಸರ ಹಾಕಿದ್ರ ಮಂದಿ ಹೊಗಳ್ಯಾರೋ ಬೈದಾರೋ ಅಂತ ನೋಡ್ತಾರ, ಏನ್ ಬರದಾರ ಅಂತ ನೋಡಂಗಿಲ್ಲ," ಎಂದರು. ಹಾಗಾಗಿ ಇಲ್ಲಿ ಅವರು ಸರ್ ಅಷ್ಟೇ.

ಅವರು ಸವಣೂರಿನವರು. ತಂದೆ ಎಲೆಬಳ್ಳಿಯ ತೋಟದಲ್ಲಿ ದುಡಿದವರು, ವೀಳ್ಯದೆಲೆಯ ಕಟ್ಟು ಕಟ್ಟಿ ಪೇಟೆಗೆ ಕಳಿಸುವವರು. ಮಗ ಚಿತ್ರಕಲೆ ಕಲಿತು ಮೇಷ್ಟ್ರಾದ. ಹಾನಗಲ್ಲಿಗೆ ಬಂದವರು ಇಪ್ಪತ್ತೆಂಟು ವರ್ಷ ಇಲ್ಲೇ ಉಳಿದರು. ಎತ್ತರದ ಆಳು, ಸಣ್ಣ ದನಿ. ಬಾಯಲ್ಲಿ ಸದಾ ಒಂದು ಎಲೆಯ ಚೂರು. ಹಾಕಿಕೊಳ್ಳುತ್ತಿದ್ದದ್ದು ಬಿಳಿ ಅಂಗಿ, ಕಪ್ಪು ಪ್ಯಾಂಟು. ಈದ್ ಹಬ್ಬಕ್ಕೆ ಅವರ ಮನೆಗೆ ಊಟಕ್ಕೆ ಹೋದರೆ ಅಲ್ಲೂ ಬಿಳಿ ಅಂಗಿಯೇ. ಸರಳ ಮನುಷ್ಯ ಎಂದುಕೊಂಡಿದ್ದೆ. ಕಾರಣ ಬೇರೆಯೇ ಇತ್ತೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು.

ಡ್ರಾಯಿಂಗ್ ಕ್ಲಾಸಿನಲ್ಲಿ ಅವರು ಮಕ್ಕಳ ಕೈಗೆ ಬಣ್ಣ ಕೊಡುತ್ತಿದ್ದದ್ದು ವರ್ಷದ ಕೊನೆಯ ಎರಡು ತಿಂಗಳು ಮಾತ್ರ. ಅಲ್ಲಿಯವರೆಗೆ ಬರೀ ಪೆನ್ಸಿಲು. ಮೇಜಿನ ಮೇಲೆ ಒಂದು ಬದನೆಕಾಯಿ, ಒಂದು ನಿಂಬೆಹಣ್ಣು, ಒಂದು ಸ್ಟೀಲಿನ ಲೋಟ ಇಟ್ಟು, "ಎಲ್ಲಿ ಬೆಳಕು ಐತಿ, ಎಲ್ಲಿ ನೆರಳು ಐತಿ, ಅಷ್ಟ ಬರೀರಿ. ಬದನಿಕಾಯಿ ನೀಲಿ ಅಂತ ನನಗ ಹೇಳಬ್ಯಾಡ್ರಿ. ಎಷ್ಟು ಕಪ್ಪು ಅಂತ ಹೇಳ್ರಿ," ಎನ್ನುತ್ತಿದ್ದರು. ಮಕ್ಕಳು ಮೊದಲಿಗೆ ಬೇಸರಪಟ್ಟುಕೊಂಡರೂ ದೀಪಾವಳಿ ಕಳೆಯುವಷ್ಟರಲ್ಲಿ ಅವರ ಪೆನ್ಸಿಲಿನ ಲೋಟಗಳು ಕಾಗದದಿಂದ ಎದ್ದು ಬರುವಂತೆ ಕಾಣುತ್ತಿದ್ದವು.

ಅವರ ನಿಜವಾದ ಪ್ರೀತಿ ಫೋಟೋ. ಅದೂ ಕಪ್ಪು ಬಿಳುಪಿನದು. ಎಲ್ಲರ ಕಿಸೆಯಲ್ಲೂ ಬಣ್ಣದ ಮೊಬೈಲ್ ಬಂದ ಮೇಲೂ ಅವರು ಒಂದು ಹಳೆಯ ಡಿಜಿಟಲ್ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದರು. ಅದರ ಸೆಟ್ಟಿಂಗನ್ನು ಕಪ್ಪು ಬಿಳುಪಿಗೆ ಇಟ್ಟುಬಿಟ್ಟಿದ್ದರು, ಹಿಂದಿನ ಪರದೆಯಲ್ಲಿ ಲೋಕವೆಲ್ಲ ಬೂದುಬಣ್ಣದಲ್ಲೇ ಕಾಣುತ್ತಿತ್ತು. ಜೊತೆಗೆ ಒಂದು ಹಿತ್ತಾಳೆಯ ಪಾನದಾನ. ಅವರ ತಾಯಿಯದು. ಎಲೆ, ಅಡಿಕೆ, ಸುಣ್ಣ ಇಡುತ್ತಿದ್ದ ಅದರ ಖಾನೆಗಳಲ್ಲಿ ಈಗ ಹತ್ತಿಬಟ್ಟೆ ಸುತ್ತಿದ ದುಂಡನೆಯ ಗಾಜುಗಳಿದ್ದವು. ಹಳದಿ, ಕಿತ್ತಳೆ, ಕೆಂಪು, ಹಸಿರು. ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಫಿಲ್ಟರುಗಳು.

ಬಣ್ಣವೇ ಇಲ್ಲದ ಫೋಟೋಕ್ಕೆ ಬಣ್ಣದ ಗಾಜು ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಗಾಜು ತನ್ನ ಬಣ್ಣದ್ದನ್ನ ಒಳಗ ಬಿಡತೈತಿ, ಉಳಿದದ್ದನ್ನ ಬಾಗಲದಾಗ ನಿಂದರಸ್ತೈತಿ," ಎಂದರು. "ಕೆಂಪು ಗಾಜು ಹಾಕಿದ್ರ ಕೆಂಪಂದೆಲ್ಲ ಬೆಳ್ಳಗ ಬರತೈತಿ. ಹಸಿರು, ನೀಲಿ ಎಲ್ಲಾ ಕಪ್ಪಾಗತೈತಿ. ಆಕಾಶ ನೀಲಿ ಅಲ್ಲೇನ್ರಿ, ಅದು ಕಪ್ಪಾಗತೈತಿ. ಮೋಡ ಹತ್ತಿ ಅರಳಿಯಂಗ ಎದ್ದ ಕಾಣತೈತಿ."

ಆಫೀಸಿನ ಗೋಡೆಯ ಮೇಲೆ ಅವರು ತೆಗೆದ ನಮ್ಮೂರಿನ ಗುಡಿಯ ಚಿತ್ರ ತೂಗುಹಾಕಿದ್ದೆವು. ಆಕಾಶ ಕಾಡಿಗೆಯಂತೆ ಕಪ್ಪು, ಅದರ ಮುಂದೆ ಕಲ್ಲಿನ ಶಿಖರ ಬೆಳ್ಳಗೆ ನಿಂತಿದೆ, ಹಿಂದೆ ಬಿಡಿಬಿಡಿ ಮೋಡ. ನೋಡಿದವರೆಲ್ಲ ಹುಣ್ಣಿಮೆಯಲ್ಲಿ ತೆಗೆದದ್ದೇ ಎಂದು ಕೇಳುವವರು. "ಮಟಮಟ ಮಧ್ಯಾಹ್ನರಿ. ಕಾಲ ಸುಡಾಕತ್ತಿದ್ದು," ಎಂದು ಅವರು ನಗುವರು.

ಹೊಸದಾಗಿ ಬಂದ ವಿಜ್ಞಾನದ ಸರ್ ಒಬ್ಬರು ಅವರಿಗೆ ತಿಳಿಹೇಳಲು ನೋಡಿದರು. ಈಗ ಗಾಜು ಬೇಡವೇ ಬೇಡ, ಬಣ್ಣದಲ್ಲೇ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಯಾವ ಫಿಲ್ಟರ್ ಬೇಕೋ ಅದರ ಪರಿಣಾಮ ತರಬಹುದು, ಗಾಜು ಹಾಕಿದರೆ ಬೆಳಕು ಕಡಿಮೆಯಾಗಿ ಚಿತ್ರ ಕಾಳುಕಾಳಾಗುತ್ತದೆ ಎಂದೆಲ್ಲ. ಸರ್ ಪೂರ್ತಿ ಕೇಳಿದರು. "ಖರೆ ಐತಿ. ಈ ಕೆಂಪು ಗಾಜು ಭಾಳ ಹೊಟ್ಟಿಬಾಕ, ಬೆಳಕೆಲ್ಲಾ ತಾನ ತಿಂತೈತಿ. ಸ್ಟ್ಯಾಂಡ್ ಇಲ್ಲದ ತಗ್ಯಾಕ ಬರಂಗಿಲ್ಲ. ಆದ್ರ ನನಗ ಮನಿಗೆ ಹೋಗಿ ಕಂಡ್ರ ಸಾಲಂಗಿಲ್ರಿ. ನಿಂತಲ್ಲೇ ಕಾಣಬೇಕು," ಎಂದರು. ಆ ಮಾತಿನ ಅರ್ಥ ವಿಜ್ಞಾನದ ಸರ್‌ಗೂ ಆಗಲಿಲ್ಲ, ನನಗೂ ಆಗಲಿಲ್ಲ.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ ಒಬ್ಬಳಿದ್ದಾಳೆ. ಅವಳ ಕೆನ್ನೆಯ ಮೇಲೆ ಎರಡೂ ಕಡೆ ಬಂಗಿನ ಕಂದು ಕಲೆ. ಮಗಳ ಮದುವೆ ಗೊತ್ತಾದಾಗ ಬೀಗರ ಮನೆಗೆ ಕೊಡಲು ತನ್ನದೊಂದು ಫೋಟೋ ಬೇಕೆಂದು ಸರ್ ಹತ್ತಿರ ಬಂದಳು. ಸರ್ ಎರಡು ತೆಗೆದರು. ಕಿತ್ತಳೆ ಗಾಜು ಹಾಕಿ ತೆಗೆದದ್ದರಲ್ಲಿ ಮುಖ ತೊಳೆದಿಟ್ಟ ಬಟ್ಟಲಿನಂತೆ, ಬಂಗಿನ ಸುಳಿವೇ ಇಲ್ಲ. ಹಸಿರು ಗಾಜಿನದರಲ್ಲಿ ಬಂಗು, ಹಣೆಯ ಗೆರೆ, ಒಲೆಯ ಮುಂದೆ ಕೂತು ಕೂತು ಕಣ್ಣಂಚಿನಲ್ಲಿ ಮೂಡಿದ ಸುಕ್ಕು ಎಲ್ಲ ಅಚ್ಚೊತ್ತಿದಂತೆ ಬಂದಿತ್ತು.

"ಇದನ್ನ ತಿದ್ದೀರೇನ್ರಿ?" ಎಂದು ಅವಳು ಮೊದಲನೆಯದನ್ನು ಹಿಡಿದು ಕೇಳಿದಳು.

"ಒಂದನ್ನೂ ತಿದ್ದಿಲ್ಲ. ಎರಡೂ ನೀನ. ಯಾವುದು ಬೇಕು ತಗೋ."

ಅವಳು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದಳು. "ಇದು ಬೀಗರ ಮನಿಗಿ ಇರ್ಲಿ," ಎಂದು ಮೊದಲನೆಯದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಇದು ನನಗಿರ್ಲಿ," ಎಂದು ಎರಡನೆಯದನ್ನು ಶಾಲೆಯ ಅಡುಗೆಮನೆಯ ಮೊಳೆಗೆ ಸಿಕ್ಕಿಸಿದಳು. ಇವತ್ತಿಗೂ ಅಲ್ಲೇ ಇದೆ, ಹೊಗೆ ಹಿಡಿದು.

ಇನ್ನು ನನ್ನ ಕಥೆ ಹೇಳಬೇಕು. ಅದನ್ನು ಬಿಟ್ಟು ಸರ್ ಬಗ್ಗೆ ಬರೆದರೆ ಅರ್ಧ ಬರೆದಂತೆ.

ಒಂದು ಗುರುವಾರ ಮಾಸೂರಿನಿಂದ ಒಬ್ಬ ಹೆಣ್ಣುಮಗಳು ಆಫೀಸಿಗೆ ಬಂದಳು. ತವರು ಹಾನಗಲ್, ನಮ್ಮ ಶಾಲೆಯಲ್ಲೇ ಒಂಬತ್ತನೆಯ ತರಗತಿಯವರೆಗೆ ಓದಿ, ಸರ್ ಬರುವ ಮೊದಲೇ ಬಿಟ್ಟವಳು. ಮಾಸೂರಿಗೆ ಕೊಟ್ಟಿದ್ದರು. ಅಲ್ಲಿ ಕೆರೆಯ ಕೆಳಗಿನ ಗದ್ದೆಗಳಲ್ಲಿ ಕೂಲಿಗೆ ಹೋಗುತ್ತಿದ್ದಳು. ಊರಿನ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸಕ್ಕೆ ಅರ್ಜಿ ಕರೆದಿದ್ದರು. ವಯಸ್ಸಿಗೆ ಮಿತಿ ಇತ್ತು. "ಆಧಾರ್‌ನ್ಯಾಗ ಬರೇ ವರ್ಷ ಐತ್ರಿ, ಅದೂ ಯಾರೋ ಅಂದಾಜಿಲೆ ಹೇಳಿದ್ದು. ಶಾಲಿ ದಾಖಲಿ ತಂದ್ರ ನಡಿತೈತಿ ಅಂದಾರ. ಸೋಮಾರ ಕಡೀದಿನ್ರಿ," ಎಂದಳು. ಹಿರೇಕೆರೂರಿನಲ್ಲಿ ಬಸ್ಸು ಬದಲಿಸಿ, ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳು.

ಪ್ರವೇಶ ದಾಖಲೆಯ ಹಳೆಯ ಪುಸ್ತಕ ತೆಗೆದೆ. ಅವಳ ಪುಟ ಸಿಕ್ಕಿತು. ಹೊರಗೆ ಕೂತಿರು, ಬರೆದು ಕೊಡುತ್ತೇನೆ ಎಂದೆ. ಪುಟವನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡೇ ಇನ್ನೊಂದು ಕೆಲಸಕ್ಕೆ ಕೈಹಾಕಿದ್ದು ನನ್ನ ತಪ್ಪು. ನಮ್ಮ ಹೆಡ್‌ಮಿಸ್ಟ್ರೆಸ್‌ರನ್ನು ನಾವೆಲ್ಲ ದೊಡ್ಡ ಬಾಯಾರು ಎನ್ನುತ್ತಿದ್ದೆವು. ಅವರಿಗೆ ಹಾಜರಿಯಲ್ಲಿ ಗುರುತು ಹಾಕಲು ಕೆಂಪು ಮಸಿಯ ಪೆನ್ನೇ ಆಗಬೇಕು. ಆ ಪೆನ್ನಿಗೆ ಮಸಿ ತುಂಬಿಸುತ್ತಿದ್ದೆ. ಮೊಣಕೈ ತಾಕಿತು. ಬಾಟಲಿ ಪುಸ್ತಕದ ಮೇಲೆಯೇ ಮಗುಚಿತು.

ಒತ್ತುಕಾಗದ ಇಟ್ಟು, ಟವೆಲ್ಲಿನಿಂದ ಹೀರಿ, ಕೈಯೆಲ್ಲ ಕೆಂಪು ಮಾಡಿಕೊಂಡು ನೋಡಿದರೆ ಪುಟದ ನಡುಭಾಗ ರಕ್ತ ಚೆಲ್ಲಿದಂತೆ. ಅವಳ ಹೆಸರು ಉಳಿದಿತ್ತು, ತಂದೆಯ ಹೆಸರು ಉಳಿದಿತ್ತು. ಹುಟ್ಟಿದ ದಿನಾಂಕ ಮಾತ್ರ ಮುಳುಗಿಹೋಗಿತ್ತು. ಆಗಿನ ಗುಮಾಸ್ತರು ನೀಲಿ ಮಸಿಯಲ್ಲಿ ಕನ್ನಡ ಅಂಕಿಗಳನ್ನೇ ಬರೆದಿದ್ದರು. ಬೆಳಕಿಗೆ ಹಿಡಿದರೆ ಇಸವಿಯ ಕೊನೆಯ ಅಂಕಿ ಒಮ್ಮೆ ಆರರಂತೆ, ಒಮ್ಮೆ ಒಂಬತ್ತರಂತೆ ಕಾಣುತ್ತಿತ್ತು. ಪಕ್ಕದಲ್ಲಿ ಒಂದೊಂದೇ ಅಂಕಿಯನ್ನು ಬಿಡಿಸಿ ಅಕ್ಷರದಲ್ಲಿ ಬರೆದದ್ದಂತೂ ಪೂರಾ ಹೋಗಿತ್ತು. ಲೆಕ್ಕ ಹಾಕಿ ನೋಡಿದೆ. ಒಂಬತ್ತಾದರೆ ಅವಳಿಗೆ ಅರ್ಜಿ ಹಾಕಲು ವಯಸ್ಸಿದೆ. ಆರಾದರೆ ಮೀರಿದೆ.

ಹೊರಗೆ ಹೋಗಿ ಅವಳಿಗೆ ಸುಳ್ಳು ಹೇಳಿದೆ. "ಹಳೇ ಪುಸ್ತಕ ಹುಡುಕಬೇಕವ್ವ. ಶನಿವಾರ ಬಾ." ಅವಳು ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನ ಬೇಗ ಬಂದು ಬಾಗಿಲು ಹಾಕಿಕೊಂಡು ಕೂತೆ. ಮೊಬೈಲಿನಲ್ಲಿ ಆ ಪುಟದ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ ನೋಡಿದೆ. ಕೆಂಪೂ ಕಪ್ಪಾಯಿತು, ನೀಲಿಯೂ ಕಪ್ಪಾಯಿತು. ಮೊದಲಿಗಿಂತ ಕೆಟ್ಟಿತು. ಹೊಸ ಹಾಳೆಯಲ್ಲಿ ಪುಟವನ್ನೇ ನಕಲು ಮಾಡಿ, ದಿನಾಂಕದ ಜಾಗದಲ್ಲಿ ಒಂಬತ್ತು ಎಂದು ಬರೆದು ಹೊಲಿದುಬಿಡಲೇ ಎಂದು ಯೋಚಿಸಿದ್ದೂ ಹೌದು. ಅವಳಿಗೂ ಕೆಲಸ ಸಿಗುತ್ತದೆ, ನನ್ನ ತಪ್ಪೂ ಮುಚ್ಚುತ್ತದೆ. ಅಷ್ಟರಲ್ಲಿ ಸರ್ ಯಾವುದೋ ಅರ್ಜಿಗೆ ಸೀಲು ಹಾಕಿಸಲು ಬಂದರು. ಬಾಗಿಲು ತಟ್ಟಿದರು, ತೆಗೆಯದೆ ವಿಧಿಯಿರಲಿಲ್ಲ. ಪುಸ್ತಕದ ಮೇಲೆ ಪೇಪರು ಹೊದಿಸಿದೆ. ಅವರು ಪೇಪರು ಸರಿಸಿದರು.

ಸ್ವಲ್ಪ ಹೊತ್ತು ಬಗ್ಗಿ ನೋಡಿ, "ಏನ ಚೆಲ್ಲೀರಿ ಇದು?" ಎಂದರು.

"ಮಸಿ ಸರ."

"ಮಸಿ ಅಂತ ಗೊತ್ತಾತು. ಯಾವ ಮಸಿ?"

ನನಗೆ ಸಿಟ್ಟು ಬಂತು. ಕಣ್ಣಮುಂದೆ ಕೆಂಪಗೆ ಹರಡಿಕೊಂಡಿದೆ, ಯಾವ ಮಸಿ ಎಂದು ಕೇಳುತ್ತಾರೆ. "ಕಾಣವಲ್ದೇನ್ರಿ ಸರ?" ಎಂದುಬಿಟ್ಟೆ.

ಅವರು ಬಾಗಿಲಿನ ಕಡೆ ನೋಡಿದರು. ಹೋಗಿ ಚಿಲಕ ಹಾಕಿ ಬಂದು ನನ್ನೆದುರು ಕೂತರು.

"ಕಲಿ ಆಗೈತಿ ಅಂತ ಕಾಣತೈತಿ. ಬಣ್ಣ ಯಾವುದು ಅಂತ ಗೊತ್ತಾಗಂಗಿಲ್ಲ. ಕೆಂಪು, ಹಸಿರು, ಕಂದು ಎಲ್ಲಾ ನನಗ ಒಂದ ರಾಸಿ. ಹುಟ್ಟಿದಾಗಿಂದ ಹಂಗ ಐತಿ. ಈಗ ಹೇಳ್ರಿ, ಕೆಂಪೋ, ಹಸರೋ?"

"ಕೆಂಪರಿ," ಎಂದೆ.

ಆಮೇಲೆ ಅವರು ಹೇಳಿದ್ದು ಇಷ್ಟು. ಹುಡುಗನಾಗಿದ್ದಾಗ ಪಕ್ಕದವರ ಹೊಲಕ್ಕೆ ಮೆಣಸಿನಕಾಯಿ ಬಿಡಿಸಲು ಹೋಗಿ, ಹಣ್ಣು ಬಿಟ್ಟು ಹಸಿಕಾಯಿ ಕಿತ್ತು ಬುಟ್ಟಿ ತುಂಬಿದ್ದರಂತೆ. ತಂದೆ ಸೋಮಾರಿ ಎಂದು ಹೊಡೆದರು. ದೊಡ್ಡವರಾದ ಮೇಲೆ ರೈಲ್ವೆ ಕೆಲಸಕ್ಕೆ ಆರಿಸಿ ಬಂದು, ಕಣ್ಣಿನ ಪರೀಕ್ಷೆಯಲ್ಲಿ ಡಾಕ್ಟರು ಚುಕ್ಕೆಚುಕ್ಕೆಯ ಪುಸ್ತಕ ತೋರಿಸಿದಾಗಲೇ ಅವರಿಗೆ ತಮಗೇನಾಗಿದೆ ಎಂದು ತಿಳಿದದ್ದು. ಎಲ್ಲರಿಗೂ ಚುಕ್ಕೆಗಳ ನಡುವೆ ಅಂಕಿ ಕಾಣುತ್ತಿತ್ತು, ಅವರಿಗೆ ಬರೀ ಚುಕ್ಕೆ. ಕೆಲಸ ಹೋಯಿತು. ಕೈಯಲ್ಲಿ ಪೆನ್ಸಿಲ್ ಚೆನ್ನಾಗಿ ಓಡುತ್ತಿತ್ತು, ಚಿತ್ರಕಲೆಗೆ ಸೇರಿಕೊಂಡರು. ಬಣ್ಣದ ಡಬ್ಬಿಗಳ ಮೇಲೆ ಅವರ ಸ್ವಂತ ಅಕ್ಕ ಹೆಸರು ಬರೆದು ಕೊಟ್ಟಿದ್ದಳು. ಅದನ್ನು ಓದಿ ಓದಿಯೇ ಪರೀಕ್ಷೆ ದಾಟಿದರು.

"ರಜಾದಾಗ ಹುಬ್ಬಳ್ಳ್ಯಾಗ ಒಂದ್ ಸ್ಟುಡಿಯೋದಾಗ ಕೆಲಸ ಮಾಡ್ತಿದ್ದೆ. ಮಾಲಕರು ಒಂದು ಒಡಕ ಕೆಂಪು ಫಿಲ್ಟರ್ ಹೊರಗ ಒಗ್ಯಾಕ ಕೊಟ್ರು. ಅದನ್ನ ಊರಿಗೆ ತಂದೆ. ಮೆಣಸಿನಕಾಯಿ ಹೊಲದಾಗ ನಿಂತು ಕಣ್ಣಿಗಿಟ್ಟು ನೋಡ್ದೆ. ಎಲಿ ಎಲ್ಲಾ ಕಪ್ಪಾಗಿ ಹಿಂದ ಸರದ್ವು. ಹಣ್ಣಗಾಯಿ ಎಲ್ಲಾ ದೀಪ ಹಚ್ಚಿಟ್ಟಂಗ ಎದ್ದ ನಿಂತ್ವು. ಅಷ್ಟು ಅದಾವು ಅಂತ ನನಗ ಗೊತ್ತ ಇರಲಿಲ್ಲ," ಎಂದರು. ಹೇಳುವಾಗ ಅವರ ಮುಖದಲ್ಲಿ ದುಃಖವೇನೂ ಇರಲಿಲ್ಲ. ಹೊಲದಲ್ಲಿ ನಿಂತ ಹುಡುಗನ ಬೆರಗೇ ಇತ್ತು.

ಆಮೇಲೆ ಪಾನದಾನ ತೆಗೆದರು. ಗಾಜುಗಳನ್ನು ನೋಡಲೇ ಇಲ್ಲ, ಗಾಜಿನ ಸುತ್ತಲಿನ ಲೋಹದ ಉಂಗುರದ ಅಂಚನ್ನು ಬೆರಳಿನಿಂದ ಸವರಿದರು. ಅರದಿಂದ ಗೀರಿದ ಕಚ್ಚುಗಳಿದ್ದವು ಅದರಲ್ಲಿ. ಹಳದಿಗೆ ಒಂದು, ಕಿತ್ತಳೆಗೆ ಎರಡು, ಕೆಂಪಿಗೆ ಮೂರು, ಹಸಿರಿಗೆ ನಾಲ್ಕು. ಮೂರು ಕಚ್ಚಿನದನ್ನು ನನ್ನ ಕೈಗೆ ಕೊಟ್ಟರು.

"ಒಂದು ಕಣ್ಣು ಮುಚ್ಚಿ ನೋಡ್ರಿ."

ನೋಡಿದೆ. ಪುಟವೆಲ್ಲ ಕೆಂಪಾಗಿತ್ತು, ಆ ಕೆಂಪಿನಲ್ಲಿ ಮಸಿಯ ಕಲೆ ಕಲೆತುಹೋಗಿ ಕಾಗದ ಒಂದೇ ಸಮ ಕಾಣುತ್ತಿತ್ತು. ಅದರ ಮೇಲೆ ಹಳೆಯ ಗುಮಾಸ್ತರ ಅಕ್ಷರ ಕಪ್ಪಗೆ ಎದ್ದು ನಿಂತಿತ್ತು. ಅಂಕಿ ಈಗಲೂ ಸ್ವಲ್ಪ ಅನುಮಾನವೇ. ಪಕ್ಕದ ಅಕ್ಷರಗಳಲ್ಲಿ ಮಾತ್ರ ಸಂಶಯವಿರಲಿಲ್ಲ. ಕೊನೆಯ ಪದ 'ಒಂಬತ್ತು'. ಮೂರು ಸಲ ಓದಿದೆ.

ಕಿಟಕಿಯ ಬೆಳಕಿಗೆ ಪುಸ್ತಕ ಇಟ್ಟು, ಸ್ಟ್ಯಾಂಡ್ ಹೂಡಿ, ಕೆಂಪು ಗಾಜು ಹಾಕಿ ಫೋಟೋ ತೆಗೆದರು. ಪರದೆಯ ಮೇಲೆ ಬಂದದ್ದು ಮಸಿ ಚೆಲ್ಲುವ ಮೊದಲಿನ ಪುಟ. ನನಗೆ ಹೋದ ಜೀವ ಬಂದಂತಾಯಿತು.

"ಇನ್ನೇನ್ ಸರ, ಹೊಸಾ ಹಾಳಿ ಬರದು ಹಚ್ಚಿಬಿಡ್ತೇನಿ. ಯಾರಿಗೂ ಗೊತ್ತಾಗಂಗಿಲ್ಲ," ಎಂದೆ.

ಅವರು ಕ್ಯಾಮೆರಾ ಕೆಳಗಿಟ್ಟರು. "ಅದನ್ನ ಮಾಡಬ್ಯಾಡ್ರಿ. ಇದ್ದದ್ದು ಇದ್ದಂಗ ಐತಿ, ಕಾಣತೈತಿ. ಹೊಸಾದ್ ಬರದ್ರ ಖರೇನೂ ಸುಳ್ಳಾಗಿ ಹೋಗತೈತಿ. ನಾಳಿ ಯಾರರ ಕೇಳಿದ್ರ ಆ ಹೆಣ್ಣಮಗಳ ಕೆಲಸಾನೂ ಹೋಗತೈತಿ. ನಡ್ರಿ, ಬಾಯಾರ ಕಡೆ ಹೋಗೂಣು. ನಾನೂ ಬರ್ತೇನಿ."

ದೊಡ್ಡ ಬಾಯಾರು ಕಟ್ಟುನಿಟ್ಟಿನವರು. ನಾನು ಎಲ್ಲ ಒಪ್ಪಿಕೊಂಡೆ. ಅವರು ಪುಟ ನೋಡಿದರು, ಫೋಟೋ ನೋಡಿದರು. ನಂತರ ಕನ್ನಡಕ ತೆಗೆದು, "ಕಂಪ್ಯೂಟರ್‌ನ್ಯಾಗ ಇವತ್ತ ಕತ್ತೀನ ಕುದುರಿ ಮಾಡ್ತಾರ. ಈ ಫೋಟೋ ನಂಬಿ ನಾ ಹ್ಯಾಂಗ ಸಹಿ ಹಾಕ್ಲಿ?" ಎಂದರು.

ಸರ್ ವಾದ ಮಾಡಲಿಲ್ಲ. ಲೆನ್ಸಿನಿಂದ ಗಾಜು ತಿರುಗಿಸಿ ತೆಗೆದು ಅವರ ಮುಂದಿಟ್ಟರು. "ಇದ್ರಾಗ ಕಂಪ್ಯೂಟರ್ ಇಲ್ರಿ ಬಾಯಾರ. ಬರೇ ಗಾಜು. ನೀವ ನೋಡ್ರಿ."

ಬಾಯಾರು ಗಾಜನ್ನು ಹಿಂದೆ ಮುಂದೆ ತಿರುಗಿಸಿದರು, ಸೆರಗಿನಿಂದ ಒರೆಸಿದರು, ಕಣ್ಣಿಗಿಟ್ಟರು. ಒಂದನೆಯ ತರಗತಿಯ ಹುಡುಗಿಯಂತೆ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. "ಒಂ... ಬ... ತ್ತು." ಗಾಜು ಕೆಳಗಿಟ್ಟು, ಮತ್ತೆ ಎತ್ತಿ ಇನ್ನೊಂದು ಸಲ ಓದಿದರು. ಆಮೇಲೆ ಪುಟದ ಅಂಚಿನಲ್ಲಿ ಮಸಿ ಹೇಗೆ ಚೆಲ್ಲಿತು, ದಿನಾಂಕ ಹೇಗೆ ಓದಲಾಯಿತು ಎಂದು ತಾವೇ ಬರೆದು ಸಹಿ ಹಾಕಿದರು. ನನಗೆ ಒಂದು ನೋಟಿಸನ್ನೂ ಕೊಟ್ಟರು. ಅದು ನ್ಯಾಯವೇ.

ಶನಿವಾರ ಆ ಹೆಣ್ಣುಮಗಳು ಬಂದಾಗ ನಡೆದದ್ದನ್ನೆಲ್ಲ ಹೇಳಿ ಪ್ರಮಾಣಪತ್ರ ಕೊಟ್ಟೆ. "ಗುರುವಾರನ ಹೇಳಿದ್ರ ನಾ ಏನ್ ನಿಮ್ಮನ್ನ ತಿಂತಿದ್ನೇನ್ರಿ?" ಎಂದು ಕೇಳಿದಳು. ಕೆಲವು ತಿಂಗಳ ಮೇಲೆ ಒಂದು ಚೀಲದ ತುಂಬ ಗೋವಿನಜೋಳದ ಎಳೆ ತೆನೆ ಹೊತ್ತು ಬಂದಳು. ಕೆಲಸ ಸಿಕ್ಕಿತ್ತು. ಡ್ರಾಯಿಂಗ್ ಸರ್ ಯಾರು ಎಂದು ಕೇಳಿ, ಚೀಲವನ್ನು ಅವರ ಕುರ್ಚಿಯ ಬಳಿ ಇಟ್ಟು, ಆ ಕೆಂಪು ಗಾಜಿನಿಂದ ತಾನೂ ಒಮ್ಮೆ ತನ್ನ ಪುಟ ನೋಡಿಯೇ ಹೋದಳು.

ಸರ್ ಗುಟ್ಟನ್ನು ನಾನು ಯಾರಿಗೂ ಹೇಳಲಿಲ್ಲ. ನನ್ನ ಹೆಂಡತಿಗೂ ಹೇಳಲಿಲ್ಲ. ಡ್ರಾಯಿಂಗ್ ಮೇಷ್ಟ್ರಿಗೆ ಬಣ್ಣ ಕಾಣುವುದಿಲ್ಲ ಎಂದು ಊರಿಗೆ ಗೊತ್ತಾದರೆ ಮಂದಿ ನಗುತ್ತಾರೆ, ಮೇಲಿನವರು ಏನೆನ್ನುತ್ತಾರೋ ಎಂಬ ಹೆದರಿಕೆ ಅವರಿಗಿತ್ತು. ಅಷ್ಟು ದೊಡ್ಡ ಗುಟ್ಟು ಕಾಯುತ್ತಿದ್ದೇನೆ ಎಂಬ ಹೆಮ್ಮೆ ನನಗಿತ್ತು. ಬಣ್ಣದ ತಿಂಗಳುಗಳಲ್ಲಿ ಅವರ ಕ್ಲಾಸಿನ ಮುಂದೆ ಸುಮ್ಮನೆ ಎರಡು ಸಲ ಹಾದುಹೋಗುತ್ತಿದ್ದೆ, ಏನಾದರೂ ಎಡವಟ್ಟಾದರೆ ನೋಡಿಕೊಳ್ಳಲು.

ಬೀಳ್ಕೊಡುಗೆಯ ದಿನ ಅವರು ಮಾತಾಡಲು ಎದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಗಿತ್ತು. ಸಣ್ಣ ದನಿಯಲ್ಲಿ, "ಒಂದು ಮಾತು ಮುಚ್ಚಿಟ್ಟೇನಿ. ಇಷ್ಟು ವರ್ಷ ನಿಮ್ಮ ಅನ್ನ ಉಂಡು, ಮುಚ್ಚಿಟ್ಟು ಹೋದ್ರ ಸರಿ ಆಗಂಗಿಲ್ಲ. ನನಗ ಕೆಂಪು ಹಸರು ಗೊತ್ತಾಗಂಗಿಲ್ಲ. ಬಣ್ಣ ಕಾಣದಾಂವ ನಿಮ್ಮ ಮಕ್ಕಳಿಗೆ ಚಿತ್ರ ಕಲಿಸಿದೆ. ಮಾಫ್ ಮಾಡ್ರಿ," ಎಂದರು.

ಹಿಂದಿನ ಬಾಗಿಲಲ್ಲಿ ನಿಂತಿದ್ದ ಬಿಸಿಯೂಟದ ಅಕ್ಕ ಕೈ ಒರೆಸಿಕೊಳ್ಳುತ್ತ, "ಅದು ಗೊತ್ತಿದ್ದದ್ದ ಬಿಡ್ರಿ ಸರ," ಎಂದಳು.

ಮಕ್ಕಳು ನಕ್ಕರು. ಪಲ್ಯದಲ್ಲಿನ ಹಸಿಮೆಣಸಿನಕಾಯಿ, ಟೊಮೆಟೊ ಚೂರು ಎರಡನ್ನೂ ಸರ್ ಒಂದೇ ರೀತಿ ಮೂಸಿ ನೋಡುವುದನ್ನು ಅವಳು ಮೊದಲ ವರ್ಷವೇ ಕಂಡಿದ್ದಳಂತೆ. ಆವತ್ತಿನಿಂದ ಅವರ ತಟ್ಟೆಗೆ ಮೆಣಸಿನಕಾಯಿ ಆರಿಸಿಯೇ ಬಡಿಸುತ್ತಿದ್ದಳು. ಒಬ್ಬ ಹುಡುಗಿ ಎದ್ದು, "ಸರ, ನಾವು ಬಣ್ಣ ಕೊಡುವಾಗ ಹೆಸರ ಹೇಳಿ ಕೊಡ್ತಿದ್ವಲ್ರಿ, ಅದಕ್ಕರಿ. ನಮಗ ಹತ್ತನೇತ್ತಾಗಿನ ಅಕ್ಕಾರು ಹೇಳಿದ್ರು," ಎಂದಳು. ಅವರಿಗೆ ಅವರಿಗಿಂತ ಹಿಂದಿನವರು ಹೇಳಿದ್ದರು. ದೊಡ್ಡ ಬಾಯಾರು ಅದೇ ವರ್ಷ ನಿವೃತ್ತರಾಗುವವರಿದ್ದರು. "ಕನ್ನಡದಾಗ ಹೆಸರ ಇರೋ ಬಣ್ಣದ ಡಬ್ಬಿನ ಯಾಕ ತರಸ್ತಿದ್ದೆ ಅಂತ ಮಾಡೀರಿ?" ಎಂದರು.

ಸರ್ ಮೈಕು ಹಿಡಿದುಕೊಂಡೇ ಎಲ್ಲರನ್ನೂ ನೋಡಿದರು. "ಹಂಗಾರ ನಾ ಯಾರ ಮುಂದ ಮುಚ್ಚಿಟ್ಟಿದ್ದೆ?" ಎಂದರು. ನನ್ನ ಕಡೆ ನೋಡಿ ನಗತೊಡಗಿದರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಗುಟ್ಟು ಕಾದ ನನ್ನ ಹೆಮ್ಮೆ ಅಲ್ಲಿಗೆ ಮುಗಿಯಿತು, ಆದರೂ ಆ ದಿನ ನನಗೆ ಯಾವ ಬೇಸರವೂ ಆಗಲಿಲ್ಲ.

ಹೋದ ಭಾನುವಾರ ಸವಣೂರಿನಲ್ಲಿ ಇಳಿದಾಗ ಅವರು ಮನೆಯಲ್ಲಿರಲಿಲ್ಲ. ಸಂಬಂಧಿಕರ ಎಲೆತೋಟದಲ್ಲಿದ್ದರು. ಹಸಿರು ಗಾಜು ಹಾಕಿ ವೀಳ್ಯದೆಲೆಯ ಚಿತ್ರ ತೆಗೆಯುತ್ತಿದ್ದರು. ಪರದೆಯಲ್ಲಿ ಎಲೆಗಳು ಬೆಳ್ಳಗೆ ಹೊಳೆಯುತ್ತಿದ್ದವು, ಒಂದೊಂದು ನರವೂ ಎಣಿಸುವಷ್ಟು ಸ್ಪಷ್ಟ. "ನಮ್ಮ ಅಬ್ಬಾ ಜೀವಮಾನ ಇವನ್ನ ಕಟ್ಟಿದ್ರು. ನಾ ಈಗ ನೋಡಾಕತ್ತೇನಿ," ಎಂದರು. ಸ್ವಲ್ಪ ದಪ್ಪಗಾಗಿದ್ದಾರೆ. ಅಂಗಿ ಬಿಳಿಯದೇ.

ಮನೆಗೆ ಬಂದೆವು. ಅವರ ಮನೆಯವರು ಚಹಾ ತಂದರು. ಹಾಲ್‌ನ ಗೋಡೆಯ ತುಂಬ ಕಪ್ಪು ಬಿಳುಪಿನ ಚಿತ್ರಗಳು. ನಡುವೆ ಒಂದೇ ಒಂದು ಬಣ್ಣದ ಫೋಟೋ, ದೊಡ್ಡ ಫ್ರೇಮಿನಲ್ಲಿ. ಎಲೆಬಳ್ಳಿಗಳ ನಡುವೆ ಅವರ ಹೆಂಡತಿ ನಿಂತಿದ್ದಾರೆ.

"ಜೀವನದಾಗ ಬಣ್ಣದಾಗ ತಗದದ್ದು ಇದೊಂದ," ಎಂದರು ಸರ್. "ರಿಟೈರ್ ಆದ ಮ್ಯಾಲೆ ಇಕಿ ಕೇಳಿದ್ಲು, ನನ್ನದೊಂದರ ಬಣ್ಣದಾಗ ತಗೀರಿ ಅಂತ. ಕಂಪ್ಯೂಟರ್‌ನ್ಯಾಗ ನಾನ ಕುಂತು ಸರಿ ಮಾಡೇನಿ. ಹ್ಯಾಂಗ ಬಂದೈತಿ, ಖರೆ ಹೇಳ್ರಿ."

ನೋಡಿದೆ. ಆಕೆಯ ಸೀರೆ ಬೆಂಕಿಯಂತೆ ಉರಿಯುತ್ತಿತ್ತು. ಮುಖ ಆಗಷ್ಟೇ ಸುಟ್ಟ ಇಟ್ಟಿಗೆಯ ಬಣ್ಣ. ಕೈಬಳೆ, ಕಾಲಡಿಯ ಮಣ್ಣು ಎಲ್ಲ ಕೆಂಪೋ ಕೆಂಪು. ಈ ಮನುಷ್ಯನಿಗೆ ಸುಳ್ಳು ಹೇಳುವುದು ನನ್ನಿಂದಾಗದು.

"ಕೆಂಪ ಭಾಳ ಜಾಸ್ತಿ ಆಗೈತ್ರಿ ಸರ," ಎಂದೆ.

"ಹೌದಂತ. ಎಲ್ಲಾರೂ ಅದನ್ನ ಹೇಳ್ತಾರ." ಅವರಿಗೆ ಬೇಸರವಾದಂತೆ ಕಾಣಲಿಲ್ಲ. "ಏನ್ ಮಾಡ್ಲಿ? ತಗದಾಗ ಸೀರಿ ಎಲಿಯೊಳಗ ಕಲತ ಹೋಗಿತ್ತು. ಇಕಿ ಎಲ್ಲದಾಳ ಅಂತನ ಗೊತ್ತಾಗವಲ್ದಾಗಿತ್ತು. ಬ್ಯಾರೆ ಆಗಿ ಕಾಣೂತನಕ ಏರಿಸ್ಕೋತ ಹ್ವಾದೆ."

"ತಿಳಿ ಗುಲಾಬಿ ಸೀರಿ ಅದು," ಎಂದು ಒಳಗಿನಿಂದ ಅದೇ ಸೀರೆ ತಂದು ತೋರಿಸಿದರು ಅವರ ಮನೆಯವರು. ನಿಜಕ್ಕೂ ತಿಳಿಗುಲಾಬಿ, ತೊಳೆದು ತೊಳೆದು ಇನ್ನಷ್ಟು ತಿಳಿಯಾದದ್ದು.

"ಮತ್ತ ಹಂಗಾರ ಬ್ಯಾರೆಯವರ ಕಡೆ ಸರಿ ಮಾಡಿಸಿ ಹಾಕಬೇಕಿಲ್ರಿ ಅಕ್ಕಾರ?" ಎಂದೆ.

ಆಕೆ ಸೀರೆ ಮಡಚುತ್ತ ಫೋಟೋದ ಕಡೆ ನೋಡಿದರು. "ಮಗಳೂ ಅದನ್ನ ಅಂದ್ಲು, ನಾ ಬ್ಯಾಡ ಅಂದೆ. ಮಂದಿಗೆ ಕೆಂಪ ಜಾಸ್ತಿ ಅನಸಿದ್ರ ಅನಸ್ಲಿ ಅಣ್ಣಾರ," ಎಂದರು. "ಅಷ್ಟ ಎ‌ಲಿಯೊಳಗ ನಾ ಇವ್ರಿಗೆ ಕಂಡೇನಲ್ಲ."